ಆಲೆಮನೆಯಲ್ಲಿ ಗ್ಯಾಲಕ್ಸಿ ಎಂ34: ಎರಡು ವರ್ಷ ದಾಟಿದ ಮೇಲೆ

ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಂ34 5ಜಿ, 6 ಜಿಬಿ ರ್ಯಾಮ್, 128 ಜಿಬಿ ಸ್ಟೋರೇಜ್. ಈ ಮಾಡೆಲ್ ಬಂದದ್ದು 2023ರ ಜುಲೈನಲ್ಲಿ. ಅದೇ ವರ್ಷ ದಸರಾ ಹೊತ್ತಿಗೆ ಮಂಡ್ಯದ ಅಂಗಡಿಯೊಂದರಲ್ಲಿ 16,999 ರೂಪಾಯಿ ಕೊಟ್ಟು ತಗೊಂಡೆ. ನಮ್ಮದು ಮಂಡ್ಯ ತಾಲ್ಲೂಕಿನ ಹಳ್ಳಿ, ಸ್ವಂತ ಆಲೆಮನೆ ಇದೆ. ಹಾಗಾಗಿ ಈ ಫೋನು ದಿನವೆಲ್ಲ ಇರುವುದು ಒಲೆಯ ಕಾವು, ಕಬ್ಬಿನ ಸಿಪ್ಪೆಯ ದೂಳು, ಪಾಕ ಮೆತ್ತಿದ ಕೈಗಳ ನಡುವೆ. ಇಂಥ ಜಾಗದಲ್ಲಿ ದುಡಿಯುವವರಿಗೆ ಉಪಯೋಗವಾಗಲಿ ಅಂತಲೇ ಬರೆಯುತ್ತಿದ್ದೇನೆ.

ಮೊದಲು ಬ್ಯಾಟರಿ, ಯಾಕೆಂದರೆ ನಾನು ಇದನ್ನು ಆರಿಸಿದ್ದೇ ಅದಕ್ಕಾಗಿ. 6000 ಎಂಎಎಚ್. ಗಾಣ ಶುರುವಾದರೆ ರಾತ್ರಿಯವರೆಗೂ ಮನೆ ಕಡೆ ಹೋಗುವ ಹಾಗಿಲ್ಲ. ಕೂಲಿಯವರಿಗೆ ಫೋನ್‌ಪೇ, ಕಬ್ಬು ತರುವ ಟ್ರ್ಯಾಕ್ಟರ್‌ನವರ ಕರೆಗಳು, ಮಂಡಿಯವರ ವಾಟ್ಸಾಪ್, ಎಲ್ಲ ಮುಗಿದ ಮೇಲೂ ಚಾರ್ಜ್ ಉಳಿದಿರುತ್ತದೆ. ಹೊಸದರಲ್ಲಿ ಎರಡು ದಿನ ಬರುತ್ತಿತ್ತು, ಈಗ ಒಂದೂವರೆ ದಿನ. ಯಾವ ಲಿಥಿಯಂ ಬ್ಯಾಟರಿಗಾದರೂ ವಯಸ್ಸಾದಂತೆ ಇದು ಆಗುವುದೇ. ಅದನ್ನು ಬೇಗ ಹಾಳು ಮಾಡುವುದು ಬಿಸಿ. ಅದಕ್ಕೇ ಕೊಪ್ಪರಿಗೆ ಹತ್ತಿರ ಫೋನ್ ಇಡುವುದಿಲ್ಲ, ಒಲೆಯ ಕಾವಿನಲ್ಲಿ ಚಾರ್ಜಿಗಂತೂ ಹಾಕುವುದೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಪ್ರೊಟೆಕ್ಷನ್ ಅಂತ ಇದೆ. ಅದನ್ನು ಆನ್ ಮಾಡಿ ಚಾರ್ಜ್ 80%ಗೆ ನಿಲ್ಲುವ ಹಾಗೆ ಇಟ್ಟರೆ ರಾತ್ರಿಯಿಡೀ ಚಾರ್ಜರಿನಲ್ಲೇ ಬಿಡುವವರಿಗೆ ತುಂಬ ಒಳ್ಳೆಯದು.

ಡಬ್ಬಿಯಲ್ಲಿ ಚಾರ್ಜರ್ ಬರುವುದಿಲ್ಲ, ಕೇಬಲ್ ಮಾತ್ರ. ಫೋನ್ ಹಿಡಿಯುವುದು 25 ವ್ಯಾಟ್. ಹಾಗಾಗಿ ಕೌಂಟರಿನಲ್ಲಿ ತೋರಿಸುವ ದೊಡ್ಡ ವ್ಯಾಟಿನ ಚಾರ್ಜರಿಗೆ ದುಡ್ಡು ಹಾಕಿ ಪ್ರಯೋಜನವಿಲ್ಲ. ಯುಎಸ್‌ಬಿ ಪಿಡಿ ಪಿಪಿಎಸ್ (ವೇಗವಾಗಿ ಚಾರ್ಜ್ ಮಾಡುವ ಒಂದು ಪದ್ಧತಿ) ಇರುವ 25 ವ್ಯಾಟಿನದು ಸಾಕು. ಇಷ್ಟು ದೊಡ್ಡ ಬ್ಯಾಟರಿ ತುಂಬಲು ಒಂದೂವರೆ ಗಂಟೆಗಿಂತ ಹೆಚ್ಚೇ ಬೇಕು, ಅದನ್ನು ತಿಳಿದೇ ತಗೊಳ್ಳಿ.

ಕ್ಯಾಮೆರಾ ನನಗೆ ಶೋಕಿಯ ವಸ್ತುವಲ್ಲ, ವ್ಯಾಪಾರದ ವಸ್ತು. ಬೆಲ್ಲಕ್ಕೆ ಬೆಲೆ ಕಟ್ಟುವಾಗ ಮೊದಲು ನೋಡುವುದು ಬಣ್ಣ. ಅಚ್ಚು ಬಿಡಿಸಿದ ಕೂಡಲೇ ಒಂದು ಫೋಟೋ ಹೋಗಬೇಕು, ಮಂಡಿಯವರು ಅದನ್ನು ನೋಡಿಯೇ ಮಾತು ಶುರು ಮಾಡುತ್ತಾರೆ. ಇದರ ಹಾಗೆ ಅಮೋಲೆಡ್ ಪರದೆ ಇರುವ ಫೋನ್ ತಗೊಳ್ಳುವವರು ಇಲ್ಲೊಂದು ವಿಷಯ ತಿಳಿದಿರಬೇಕು. ಪರದೆ ವಿವಿಡ್ ಮೋಡ್‌ನಲ್ಲಿದ್ದರೆ ಎಲ್ಲ ಬಣ್ಣವೂ ಗಾಢವಾಗಿ ಕಾಣುತ್ತದೆ. ನಮ್ಮ ಫೋನಿನಲ್ಲಿ ಹೊನ್ನಿನ ಬಣ್ಣದಲ್ಲಿ ಹೊಳೆಯುವ ಅಚ್ಚು, ತಮ್ಮನ ಎಲ್‌ಸಿಡಿ ಪರದೆಯ ಫೋನಿನಲ್ಲಿ ಸ್ವಲ್ಪ ಮಂಕು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಮೊದಲ ವಾರವೇ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಸ್ಕ್ರೀನ್ ಮೋಡ್ ನ್ಯಾಚುರಲ್ ಮಾಡಿದೆ. ಇನ್ನೊಂದು, ಟ್ಯೂಬ್‌ಲೈಟಿನಲ್ಲಿ ತೆಗೆದರೆ ಬೆಲ್ಲ ಬಿಳಿಚಿಕೊಂಡ ಹಾಗೆ, ಒಲೆಯ ಬೆಳಕಿನಲ್ಲಿ ತೆಗೆದರೆ ಕೆಂಪು ಏರಿದ ಹಾಗೆ ಬರುತ್ತದೆ. ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ ವೈಟ್ ಬ್ಯಾಲೆನ್ಸ್ ಅಂತ ಇದೆ. ಅಚ್ಚಿನ ಪಕ್ಕ ಒಂದು ಬಿಳಿ ಪಂಚೆಯ ತುದಿ ಹಾಸಿ, ಆ ಪಂಚೆ ಪರದೆಯಲ್ಲೂ ಬಿಳಿಯಾಗಿ ಕಾಣುವವರೆಗೆ ವೈಟ್ ಬ್ಯಾಲೆನ್ಸ್ ಸರಿಸಿದರೆ ಬೆಲ್ಲದ ಬಣ್ಣ ಇದ್ದ ಹಾಗೇ ಬರುತ್ತದೆ. ಬೆಳಗಿನ ಹೊತ್ತು ಬಾಗಿಲ ಬೆಳಕಿನಲ್ಲಿ ತೆಗೆದರೆ ಇಷ್ಟೂ ಬೇಡ. ಈಗ ನಮ್ಮ ಮಂಡಿಯವರು "ಅಣ್ಣಾ, ನೀವು ಕಳಿಸಿದ ಫೋಟೋ ನೋಡಿ ರೇಟ್ ಹೇಳ್ಬೋದು" ಅನ್ನುತ್ತಾರೆ. ನನಗೆ ಅದಕ್ಕಿಂತ ದೊಡ್ಡ ರಿವ್ಯೂ ಬೇಕಿಲ್ಲ.

ಮುಖ್ಯ ಕ್ಯಾಮೆರಾ 50 ಮೆಗಾಪಿಕ್ಸೆಲ್. ಆ ಅಂಕಿಗಿಂತ ನನಗೆ ಬೆಲೆಬಾಳುವುದು ಅದರ ಜೊತೆಗಿರುವ ಓಐಎಸ್. ಕೈ ನಡುಗಿದರೆ ಒಳಗಿನ ಲೆನ್ಸೇ ಸರಿದು ಸರಿದೂಗಿಸುತ್ತದೆ, ಮಬ್ಬು ಬೆಳಕಿನಲ್ಲೂ ಫೋಟೋ ಅಲುಗುವುದಿಲ್ಲ. ತೀರ ಹತ್ತಿರದಿಂದ ತೆಗೆಯುವ 2 ಮೆಗಾಪಿಕ್ಸೆಲಿನ ಮ್ಯಾಕ್ರೋ ಕ್ಯಾಮೆರಾ ಲೆಕ್ಕಕ್ಕೆ ಮಾತ್ರ.

ಅಂಗಡಿಯಲ್ಲಿ "12 ಜಿಬಿ ರ್ಯಾಮ್ ಸಾರ್" ಅಂದರೆ ಒಂದು ನಿಮಿಷ ನಿಂತು ಕೇಳಿ. ಅದರಲ್ಲಿ ಅರ್ಧ ನಿಜವಾದ ರ್ಯಾಮ್, ಇನ್ನರ್ಧ ಸ್ಟೋರೇಜಿನಿಂದಲೇ ಕಡ ತಗೊಂಡದ್ದು. ಸ್ಟೋರೇಜು ರ್ಯಾಮಿನಷ್ಟು ವೇಗವಾಗಿ ಓಡುವುದಿಲ್ಲ, ಎತ್ತಿನ ಜೊತೆ ಎಮ್ಮೆ ಕಟ್ಟಿ ಗಾಡಿ ಹೂಡಿದ ಹಾಗೆ. 6 ಜಿಬಿ ನನ್ನ ಕೆಲಸಕ್ಕೆ ಸಾಕಾಗಿದೆ. ಇವತ್ತು ಹೊಸದಾಗಿ ತಗೊಳ್ಳುವವರಿಗೆ 8 ಜಿಬಿಯದನ್ನೇ ಹೇಳುತ್ತೇನೆ. ಸಿಮ್ ಟ್ರೇ ಹೈಬ್ರಿಡ್. ಅಂದರೆ ಎರಡು ಸಿಮ್, ಇಲ್ಲವೇ ಒಂದು ಸಿಮ್ ಮತ್ತು ಮೆಮೊರಿ ಕಾರ್ಡ್. ಎರಡು ಸಿಮ್ ಬೇಕೇಬೇಕು ಅನ್ನುವವರು 128 ಜಿಬಿಯಲ್ಲೇ ಸುಧಾರಿಸಬೇಕು.

ಇನ್ನು ಖರ್ಚು. ಎಲ್ಲರೂ ಫೋನಿನ ರೇಟ್ ಕೇಳುತ್ತಾರೆ, ರೀಚಾರ್ಜ್ ಲೆಕ್ಕ ಯಾರೂ ಹಾಕುವುದಿಲ್ಲ. 2024ರ ಜುಲೈನಲ್ಲಿ ಕಂಪನಿಗಳು ದರ ಏರಿಸಿದವು. ಜಿಯೋದ ದಿನಕ್ಕೆ 2 ಜಿಬಿಯ 84 ದಿನದ ಪ್ಲಾನ್ 719ರಿಂದ 859 ಆಯಿತು. ಆಗಿನಿಂದ ಅನ್‌ಲಿಮಿಟೆಡ್ 5ಜಿ ಬೇಕೆಂದರೆ ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಮೇಲಿನ ಪ್ಲಾನೇ ಹಾಕಿಸಬೇಕಾಯಿತು. 859ರ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 3,700, ಮೂರು ವರ್ಷಕ್ಕೆ 11,000ದ ಮೇಲೆ. ಮನೆಯಲ್ಲಿ ಇಂಥ ಎರಡು ಸಿಮ್ ಇದ್ದರೆ ಅದೇ ಫೋನಿನ ಬೆಲೆಯನ್ನು ಮೀರುತ್ತದೆ. 28 ದಿನದ ಪ್ಲಾನ್ ಹಾಕಿಸುವವರಿಗೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ದುಡ್ಡು ಹೋಗುತ್ತದೆ. ಊರಲ್ಲಿ 5ಜಿ ಸಿಗ್ನಲ್ಲೇ ಬರದಿದ್ದರೆ ಆ ಪ್ಲಾನ್ ಯಾಕೆ ಅನ್ನುವುದನ್ನೂ ಯೋಚಿಸಿ. ಜಿಯೋ 700 ಮೆಗಾಹರ್ಟ್ಸ್‌ನಲ್ಲೂ 5ಜಿ ಕೊಡುತ್ತದೆ, ಹಳ್ಳಿಗಳಲ್ಲಿ ದೂರ ಮುಟ್ಟುವುದು ಅದೇ. ಫೋನಿನ ವಿವರದಲ್ಲಿ ಅದಕ್ಕೆ ಎನ್28 ಬ್ಯಾಂಡ್ ಇರಬೇಕು. ಇದರಲ್ಲಿ ಇದೆ.

"ಬಡ್ಡಿಯಿಲ್ಲದ ಇಎಂಐ" ಅಂದರೂ ಕಾಗದ ಪೂರ್ತಿ ಓದಿ. ಪ್ರೊಸೆಸಿಂಗ್ ಶುಲ್ಕ ಬೇರೆ ಇರಬಹುದು. ಕ್ರೆಡಿಟ್ ಕಾರ್ಡಿನಲ್ಲಾದರೆ ಬಡ್ಡಿಯನ್ನು ರಿಯಾಯಿತಿ ಅಂತ ಕಳೆದರೂ ಆ ಬಡ್ಡಿಯ ಮೇಲಿನ 18% ಜಿಎಸ್‌ಟಿ ನಮ್ಮ ತಲೆಗೇ ಬರುತ್ತದೆ. ಕೇಳದೆಯೇ ಫೋನಿನ ಇನ್ಶೂರೆನ್ಸ್ ಸೇರಿಸಿದ್ದಾರಾ ಅಂತಲೂ ನೋಡಿ. ನಮ್ಮಲ್ಲಿ ಕಬ್ಬಿನ ದುಡ್ಡು ಬರುವುದು ಒಟ್ಟಿಗೆ, ಕಂತು ಕಟ್ಟಬೇಕಾದದ್ದು ತಿಂಗಳು ತಿಂಗಳು. ರೈತರ ಮನೆಗೆ ಈ ಎರಡೂ ಹೊಂದುವುದಿಲ್ಲ.

ಅಪ್‌ಡೇಟ್ ವಿಷಯದಲ್ಲಿ ನನಗೆ ಪೂರ್ತಿ ತೃಪ್ತಿ ಇದೆ. ಆಂಡ್ರಾಯ್ಡ್ 13ರಲ್ಲಿ ಬಂದ ಫೋನಿಗೆ 14, 15 ಎರಡೂ ಸಿಕ್ಕಿವೆ. ನಾಲ್ಕು ಆಂಡ್ರಾಯ್ಡ್ ಅಪ್‌ಗ್ರೇಡ್, ಐದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಅಂತ ಕಂಪನಿ ಹೇಳಿತ್ತು. ಫೋನಿನಲ್ಲೇ ಬ್ಯಾಂಕ್ ಇಟ್ಟುಕೊಂಡಿರುವ ನಮಗೆ ಮೆಗಾಪಿಕ್ಸೆಲಿಗಿಂತ ಇದು ಮುಖ್ಯ.

ಬೇರೆ ಸಣ್ಣಪುಟ್ಟವು: ತೂಕ 208 ಗ್ರಾಂ, ಅಂಗಿ ಜೇಬು ಜಗ್ಗುತ್ತದೆ. ನೀರು, ದೂಳಿಗೆ ಐಪಿ ರೇಟಿಂಗ್ ಇಲ್ಲ, ಹಾಗಾಗಿ ಆಲೆಮನೆಯಲ್ಲಿ ಮುಚ್ಚಳದ ಕವರ್ ಹಾಕಿದ್ದೇನೆ. ಬೆರಳಿಗೆ ಪಾಕ ಅಂಟಿದ್ದರೆ ಯಾವ ಫಿಂಗರ್‌ಪ್ರಿಂಟೂ ಓದುವುದಿಲ್ಲ, ಪಿನ್ ನೆನಪಿರಲಿ.

ಈಗ ಈ ಮಾಡೆಲ್ ಸೆಕೆಂಡ್ ಹ್ಯಾಂಡ್‌ನಲ್ಲಿ ಓಡಾಡುತ್ತಿದೆ. ತಗೊಳ್ಳುವವರು ದುಡ್ಡು ಕೊಡುವ ಮೊದಲು *#06# ಒತ್ತಿ ಐಎಂಇಐ ನಂಬರ್ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ನೋಡಿ, ಬಿಲ್ಲಿನಲ್ಲೂ ಡಬ್ಬಿಯ ಮೇಲೂ ಅದೇ ಇದೆಯಾ ಅಂತ ತಾಳೆ ಹಾಕಿ. ಆಮೇಲೆ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಅದೇ ನಂಬರ್ ಹಾಕಿ. ಕದ್ದ ಫೋನ್ ಅಂತ ಬ್ಲಾಕ್ ಆಗಿದ್ದರೆ ಅಲ್ಲೇ ತೋರಿಸುತ್ತದೆ. ಬಿಲ್ ಇಲ್ಲ ಅಂದವರ ಹತ್ತಿರ ಎಷ್ಟು ಕಡಿಮೆಗೆ ಸಿಕ್ಕರೂ ಬೇಡ.