ಗಿಡದ ಪ್ರೋಟೀನ್ ಮಾಡಿಸಲು: ಇ. ಕೋಲಿಯೋ, ಹುಳುವಿನ ಕೋಶವೋ?

ಗಿಡದ ಜೀನ್ ಕೈಯಲ್ಲಿದೆ, ಪ್ರೋಟೀನ್ ಬೇಕು. ಮೊದಲು ಇ. ಕೋಲಿ ಎಂಬ ಬ್ಯಾಕ್ಟೀರಿಯಾದಲ್ಲೇ ಮಾಡಿಸಿ ನೋಡಿ. ಅಗ್ಗ. 20 ನಿಮಿಷಕ್ಕೆ ಎರಡರಷ್ಟಾಗುತ್ತದೆ. ಚಿಕ್ಕ, ಸರಳ ಕಿಣ್ವಕ್ಕೆ ಅದೇ ಸಾಕು.

ತೊಂದರೆ ಶುರುವಾಗುವುದು ದೊಡ್ಡ ಪ್ರೋಟೀನ್‌ಗಳಲ್ಲಿ. ಸರಿಯಾಗಿ ಮಡಚಿಕೊಳ್ಳದೆ ಗಂಟುಗಟ್ಟಿಬಿಡುತ್ತವೆ. ಕೋಶ ಒಡೆದು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಎಲ್ಲವೂ ಟ್ಯೂಬಿನ ತಳದಲ್ಲಿ, ಮೇಲಿನ ತಿಳಿಯಲ್ಲಿ ಏನೂ ಇಲ್ಲ. ಆಗ ಬೇಜಾರಾಗುತ್ತೆ ಅಲ್ವಾ?

ಅಲ್ಲಿ ಎಸ್‌ಎಫ್9 ಕೋಶ ಕೈಹಿಡಿಯುತ್ತದೆ. ಇದು ಫಾಲ್ ಸೈನಿಕ ಹುಳುವಿನ ಅಂಡಾಶಯದಿಂದ ಬಂದದ್ದು. ಹೌದು, 2018ರಲ್ಲಿ ನಮ್ಮ ಮೆಕ್ಕೆಜೋಳಕ್ಕೆ ಬಿದ್ದ ಅದೇ ಹುಳು! ಜೀನನ್ನು ಬ್ಯಾಕುಲೋವೈರಸ್‌ಗೆ (ಹುಳುಗಳಿಗೆ ತಗಲುವ ವೈರಸ್) ಸೇರಿಸಿ ಕೋಶಗಳಿಗೆ ಸೋಂಕು ತಗುಲಿಸಬೇಕು. 27 ಡಿಗ್ರಿ ಸಾಕು, ಕಾರ್ಬನ್ ಡೈಆಕ್ಸೈಡ್ ಬೇಡ. ಎರಡು ಮೂರು ದಿನದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಕೋಶಗಳು ಉಬ್ಬಿ, ನ್ಯೂಕ್ಲಿಯಸ್ ದಪ್ಪಗಾಗಿ ಕಾಣುತ್ತವೆ. ಕೊಯ್ಲಿನ ಸಮಯ ಅದೇ. ಗಿಡದ ಬೆಳವಣಿಗೆಯ ಹಾರ್ಮೋನ್ ಆಕ್ಸಿನ್ ಅನ್ನು ಗುರುತಿಸುವ ಗ್ರಾಹಕ ಪ್ರೋಟೀನ್ ಟಿಐಆರ್1ನ ರಚನೆ 2007ರಲ್ಲಿ ಹೊರಬಂದದ್ದು ಹುಳುವಿನ ಕೋಶದಲ್ಲಿ ಮಾಡಿದ ಪ್ರೋಟೀನ್‌ನಿಂದ. ಅದರ ಜೊತೆಗಾರ ಪ್ರೋಟೀನ್ ಎಎಸ್‌ಕೆ1 ಅನ್ನೂ ಅಲ್ಲೇ ಮಾಡಿಸಿದ್ದರು.

ಆದರೆ ವೈರಸ್ ತಯಾರಿಗೇ ವಾರಗಟ್ಟಲೆ ಬೇಕು, ಕೋಶ ಬೆಳೆಸುವ ದ್ರವದ ಖರ್ಚೂ ಜಾಸ್ತಿ. ಪ್ರೋಟೀನ್‌ಗೆ ಸಕ್ಕರೆ ಸರಪಳಿ ಸೇರುತ್ತದೆ ನಿಜ, ಗಿಡದಲ್ಲಿರುವ ಕ್ಸೈಲೋಸ್ ಎಂಬ ಸಕ್ಕರೆ ಮಾತ್ರ ಅದರಲ್ಲಿರುವುದಿಲ್ಲ. ಅದೇ ಮುಖ್ಯವಾದರೆ ತಂಬಾಕಿನ ಜಾತಿಯ ಗಿಡ ನಿಕೋಟಿಯಾನಾ ಬೆಂಥಾಮಿಯಾನಾದ ಎಲೆಯಲ್ಲಿ ಮಾಡಿಸುವುದೇ ಒಳ್ಳೆಯದು.

ನನ್ನ ಸಲಹೆ: ಇ. ಕೋಲಿಯನ್ನು 18 ಡಿಗ್ರಿಯಲ್ಲಿ ಬೆಳೆಸಿ, ಟ್ಯಾಗ್ (ಪ್ರೋಟೀನ್‌ಗೆ ಅಂಟಿಸುವ ಹೆಚ್ಚುವರಿ ತುಣುಕು) ಬದಲಿಸಿ ಎರಡು ಸಲ ನೋಡಿ. ಆಗಲೂ ಪ್ರೋಟೀನ್ ಕರಗದೆ ತಳಕ್ಕೇ ಕೂತರೆ ಸುಮ್ನೆ ಹಟ ಹಿಡಿಯಬೇಡಿ, ಹುಳುವಿನ ಕೋಶಕ್ಕೆ ಬನ್ನಿ.