ಸಂಚಾರ್ ಸಾಥಿ: ಬೀಗ ಬೀಳುವುದು ಫೋನಿಗೆ, ಡೇಟಾಗಲ್ಲ

ಹಾಸನಾಂಬೆ ದರ್ಶನದ ನೂಕುನುಗ್ಗಲಲ್ಲಿ ಜೇಬಿನ ಫೋನ್ ಹೋದರೆ ಸುತ್ತಲಿನವರು ಕೊಡುವ ಸಲಹೆ ಒಂದೇ: ಸಂಚಾರ್ ಸಾಥಿಯಲ್ಲಿ ಬ್ಲಾಕ್ ಮಾಡಿಬಿಡಿ. ಸಲಹೆಯೇನೋ ಸರಿ, ಆದರೆ ಅದು ಕೊನೆಯಲ್ಲಿ ಮಾಡಬೇಕಾದ ಕೆಲಸ. ದೂರಸಂಪರ್ಕ ಇಲಾಖೆ 2023ರ ಮೇ ತಿಂಗಳಲ್ಲಿ ಶುರು ಮಾಡಿದ ಈ ಜಾಲತಾಣ, ಕಳೆದ ಫೋನಿಗೆ ದೇಶದ ಯಾವ ಕಂಪನಿಯ ನೆಟ್‌ವರ್ಕೂ ಸಿಗದಂತೆ ಮಾಡುತ್ತದೆ. ಒಳಗಿನ ಫೋಟೊ, ವಾಟ್ಸ್ಆ್ಯಪ್, ಬ್ಯಾಂಕ್ ಮೆಸೇಜುಗಳ ತಂಟೆಗೆ ಅದು ಹೋಗುವುದಿಲ್ಲ. ಬ್ಲಾಕ್ ಆದ ಫೋನೂ ವೈಫೈ ಸಿಕ್ಕರೆ ಆರಾಮಾಗಿ ನಡೆಯುತ್ತದೆ.

ಹಾಗಾಗಿ ಮೊದಲು ಜೊತೆಗಿದ್ದವರ ಫೋನಿನಲ್ಲಿ ಗೂಗಲ್‌ನ ಫೈಂಡ್ ಹಬ್ (ಕಳೆದ ಫೋನನ್ನು ದೂರದಿಂದಲೇ ಹುಡುಕಿ ಲಾಕ್ ಮಾಡುವ ಸೇವೆ) ತೆರೆದು, ನಿಮ್ಮ ಖಾತೆಯಿಂದ ಲಾಗಿನ್ ಆಗಿ ಫೋನ್ ಲಾಕ್ ಮಾಡಿ; ಸಿಗುವ ಆಸೆ ಇಲ್ಲದಿದ್ದರೆ ಪೂರ್ತಿ ಅಳಿಸಿ. ಇದು ಸಿಮ್ ಬಂದ್ ಮಾಡಿಸುವ ಮುಂಚೆಯೇ ಆಗಬೇಕು. ಲಾಕ್ ಆದೇಶ ಫೋನಿಗೆ ತಲುಪುವುದೇ ಇಂಟರ್ನೆಟ್ ಮೂಲಕ. ಸಿಮ್ ಸತ್ತರೆ ಡೇಟಾವೂ ಸತ್ತಂತೆ. ಇಲ್ಲೇ ಬಹಳ ಜನ ಸಿಕ್ಕಿಹಾಕಿಕೊಳ್ಳುತ್ತಾರೆ: ಎರಡು ಹಂತದ ಲಾಗಿನ್ ಇದ್ದರೆ ಗೂಗಲ್ ಕೋಡ್ ಕಳಿಸುವುದು ಕಳೆದುಹೋದ ಆ ಫೋನಿಗೇ. ಆ ಕೋಡಿನ ಬದಲು ಬಳಸಲು ಗೂಗಲ್ ಕೊಡುವ 8 ಅಂಕಿಯ 10 ಬ್ಯಾಕಪ್ ಕೋಡ್‌ಗಳನ್ನು ಇವತ್ತೇ ಬರೆದು ಮನೆಯಲ್ಲಿಡಿ. ಲಾಕ್ ಆದ ಕೂಡಲೇ ಕಂಪನಿಗೆ ಹೇಳಿ ಸಿಮ್ ನಿಲ್ಲಿಸಿ, ಅದೇ ನಂಬರಿಗೆ ಹೊಸ ಸಿಮ್ ತೆಗೆದುಕೊಳ್ಳಿ. ಸಿಮ್ ನಿಲ್ಲಿಸುವುದು ತಡವಾದರೆ ಕಳ್ಳ ಹಳೇ ಸಿಮ್ಮನ್ನು ಬೇರೆ ಫೋನಿಗೆ ಹಾಕಿ ಬ್ಯಾಂಕ್ ಒಟಿಪಿ ತರಿಸಿಕೊಳ್ಳುತ್ತಾನೆ. ಮೊದಲೇ ಸಿಮ್ ಪಿನ್ (ಸಿಮ್ ಬೇರೆ ಫೋನಿಗೆ ಹಾಕಿದಾಗ ಕೇಳುವ ಗುಟ್ಟಿನ ಸಂಖ್ಯೆ) ಹಾಕಿಟ್ಟಿದ್ದರೆ ಆ ಭಯವಿಲ್ಲ.

ಬ್ಲಾಕ್ ಮಾಡುವ ಅರ್ಜಿ ಹಾಕಲು ಪೊಲೀಸ್ ದೂರಿನ ಪ್ರತಿ, ಗುರುತಿನ ಚೀಟಿ, ಐಎಂಇಐ (ಫೋನನ್ನು ಗುರುತಿಸುವ) ಸಂಖ್ಯೆ ಬೇಕು. ಖರೀದಿ ಬಿಲ್ ಇದ್ದರೆ ಒಳ್ಳೆಯದು. ಬರೀ ಕಳೆದುಹೋಗಿದ್ದರೆ ರಾಜ್ಯ ಪೊಲೀಸರ ಆನ್‌ಲೈನ್ ಸೇವೆ ಇ-ಲಾಸ್ಟ್‌ನಲ್ಲೇ ದೂರು ದಾಖಲಿಸಬಹುದು. ಕಳವಾಗಿದ್ದರೆ ಠಾಣೆಗೇ ಹೋಗಬೇಕು. ಐಎಂಇಐ 15 ಅಂಕಿಯದು, ಫೋನಿನ ಡಬ್ಬದ ಮೇಲೆ ಅಚ್ಚಾಗಿರುತ್ತದೆ. ಕೈಬರಹದ ಬಿಲ್ಲಿನಲ್ಲಿ ಅದು ಇಲ್ಲದೇ ಇರುವುದೂ ಉಂಟು, ಡಬ್ಬ ಗುಜರಿಗೆ ಹೋಗಿರುವುದೂ ಉಂಟು. ಈಗಲೇ ಫೋನಿನಲ್ಲಿ *#06# ಒತ್ತಿ, ತೆರೆಯಲ್ಲಿ ಕಾಣುವ ಐಎಂಇಐ ಬರೆದಿಟ್ಟುಕೊಳ್ಳಿ. ಎರಡು ಸಿಮ್ಮಿನ ಫೋನಿಗೆ ಐಎಂಇಐ ಎರಡು, ಅರ್ಜಿಯಲ್ಲಿ ಎರಡನ್ನೂ ತುಂಬಿ.

ಈ ಸೇವೆಯಲ್ಲಿ ಜನರನ್ನು ಗೋಳುಹೊಯ್ದುಕೊಳ್ಳುವುದು ಒಟಿಪಿ. ಅರ್ಜಿ ಹಾಕುವಾಗ ಅದು ಬರುವುದು ಹೊಸ ಸಿಮ್ಮಿಗೆ. ಆದರೆ ಬದಲಿಸಿದ ಸಿಮ್ಮಿಗೆ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ. ನಿಮ್ಮ ಹೆಸರಲ್ಲಿ ಸಿಮ್ ಬದಲಿಸಿ ಖಾತೆ ಖಾಲಿ ಮಾಡುವವರನ್ನು ತಡೆಯಲೆಂದೇ ಮಾಡಿದ ನಿಯಮವಿದು. ನೆಟ್‌ವರ್ಕ್ ಇಲ್ಲವೆಂದುಕೊಂಡು ಮಹಡಿ ಹತ್ತಿ ಇಳಿದು ಪ್ರಯೋಜನವಿಲ್ಲ (ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಲ್ಲಿ ನಿಜಕ್ಕೂ ಅದೇ ಕಾರಣ ಇರಬಹುದು, ಆ ಮಾತು ಬೇರೆ). ಅರ್ಜಿ ಒಪ್ಪಿಗೆಯಾದರೆ 24 ಗಂಟೆಯೊಳಗೆ ಬ್ಲಾಕ್ ಜಾರಿಯಾಗುತ್ತದೆ. ಅರ್ಜಿ ಹಾಕಿದಾಗ ಸಿಗುವ ರಿಕ್ವೆಸ್ಟ್ ಐಡಿ ಕಳೆಯಬೇಡಿ. ಫೋನ್ ಸಿಕ್ಕ ಮೇಲೆ ಠಾಣೆಗೆ ತಿಳಿಸಿ, ಅದೇ ಐಡಿಯಿಂದ ಬ್ಲಾಕ್ ತೆಗೆಸಬೇಕು.

ಇದೇ ತಾಣದಲ್ಲಿ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂದು ನೋಡುವ ವ್ಯವಸ್ಥೆಯಿದೆ. ಇಡೀ ಸೇವೆಯಲ್ಲಿ ನಮಗೆ ಹೆಚ್ಚು ಹಿಡಿಸಿದ್ದು ಅದೇ. ನಂಬರ್, ಒಟಿಪಿ ಕೊಟ್ಟರೆ ಪಟ್ಟಿ ಬರುತ್ತದೆ. ಗೊತ್ತಿಲ್ಲದ ನಂಬರ್ ಕಂಡರೆ ‘ನನ್ನದಲ್ಲ’ ಎಂದು ಅಲ್ಲೇ ದೂರು ಕೊಡಬಹುದು.

ಆ್ಯಪ್ ಬೇಕೇ? 2025ರ ಜನವರಿಯಲ್ಲಿ ಬಂದ ಆ್ಯಪ್ ಆಂಡ್ರಾಯ್ಡ್‌ನಲ್ಲಿ ಕರೆಗಳ ಪಟ್ಟಿ, ಎಸ್ಸೆಮ್ಮೆಸ್ ನೋಡಲು ಅನುಮತಿ ಕೇಳುತ್ತದೆ. ಹೊಸ ಫೋನುಗಳಲ್ಲಿ ಅದು ಮೊದಲೇ ಇರಬೇಕೆಂಬ ಆದೇಶ ಆ ವರ್ಷದ ಕೊನೆಯಲ್ಲಿ ಹೊರಬಿದ್ದು, ಡಿಸೆಂಬರ್ 3ಕ್ಕೆ ವಾಪಸ್ಸೂ ಆಯಿತು. ಮೇಲಿನ ಕೆಲಸಗಳಿಗೆಲ್ಲ ಜಾಲತಾಣವೇ ಸಾಕು. ಹಳೇ ಫೋನ್ ಕೊಳ್ಳುವವರಿಗಂತೂ ಇಂಟರ್ನೆಟ್ಟೂ ಬೇಡ: ಇಂಗ್ಲಿಷಿನಲ್ಲಿ ಕೆವೈಎಂ (KYM) ಎಂದು ಬರೆದು, ಜಾಗ ಬಿಟ್ಟು ಐಎಂಇಐ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಮಾಡಿ. ಬ್ಲ್ಯಾಕ್‌ಲಿಸ್ಟ್ ಅಥವಾ ಡೂಪ್ಲಿಕೇಟ್ ಎಂದು ಉತ್ತರ ಬಂದರೆ, ರೇಟು ಎಷ್ಟೇ ಇಳಿಸಿದರೂ ಅಂಗಡಿಯವರಿಗೇ ವಾಪಸ್ ಕೊಟ್ಟು ಬನ್ನಿ.