ಅಡಿಕೆ ತೋಟಕ್ಕೆ ಮತ್ತು ಬೆದ್ದಲಿಗೆ ಯಾವ ನಾಯಿ: ಜರ್ಮನ್ ಶೆಫರ್ಡ್, ರಾಟ್‌ವೀಲರ್, ಮುಧೋಳ

ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳಲ್ಲಿ ತೋಟದ ಮನೆ ಕಟ್ಟಿಕೊಂಡವರು ದೊಡ್ಡ ನಾಯಿ ತರಲು ಹೊರಟಾಗ ಮೊದಲು ಕೇಳುವುದು ಯಾವ ತಳಿ ಹೆಚ್ಚು ಜೋರು ಎಂದು. ಹೊಳಲ್ಕೆರೆ ತಾಲ್ಲೂಕಿನ ನಮ್ಮ ಅಡಿಕೆ ತೋಟದಲ್ಲಿ ಜರ್ಮನ್ ಶೆಫರ್ಡ್ ಮತ್ತು ರಾಟ್‌ವೀಲರ್ ನಾಯಿಗಳನ್ನೂ, ಜಗಳೂರು ಕಡೆಯ ಬೆದ್ದಲು (ಮಳೆಯನ್ನೇ ನಂಬಿದ) ಹೊಲದಲ್ಲಿ ಮುಧೋಳ ನಾಯಿಯನ್ನೂ ಸಾಕಿ, ಒಂದರ ಜಾಗಕ್ಕೆ ಇನ್ನೊಂದನ್ನು ಕರೆದೊಯ್ದು ನೋಡಿದ ಮೇಲೆ ನನಗೆ ಆ ಪ್ರಶ್ನೆಗಿಂತ ಬೇರೆ ಎರಡು ಪ್ರಶ್ನೆಗಳು ಮುಖ್ಯವೆನಿಸಿವೆ. ಏಪ್ರಿಲ್ ತಿಂಗಳ ಹಗಲನ್ನು ಕಳೆದ ನಾಯಿಯಲ್ಲಿ ರಾತ್ರಿ ಕಾವಲಿಗೆ ಎಷ್ಟು ಕಸುವು ಉಳಿದಿರುತ್ತದೆ ಎಂಬುದು ಒಂದು. ಅದರ ಜೊತೆ ದಿನವೂ ಒಡನಾಡುವ ಮನುಷ್ಯ ಯಾರು ಎಂಬುದು ಇನ್ನೊಂದು.

ಬಿಸಿಲಿನ ಮಾತನ್ನೇ ಮೊದಲು ಹೇಳುತ್ತೇನೆ. ನಾಯಿಯ ಸಹಜ ದೇಹೋಷ್ಣ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಅದು ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಡುತ್ತಾ, ಬಾಯಿ ಮತ್ತು ಉಸಿರುನಾಳದ ತೇವವನ್ನು ಆವಿಯಾಗಿಸಿಯೇ ಮುಖ್ಯವಾಗಿ ಮೈ ತಣಿಸಿಕೊಳ್ಳುತ್ತದೆ. ಹಾಗಾಗಿ ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಏದುಸಿರಿನಿಂದಾಗುವ ಉಪಯೋಗ ಕಡಿಮೆ. ಅಡಿಕೆ ತೋಟದ ನೆರಳು ನಮ್ಮ ಮೈಗೆ ಹಿತವೆನಿಸಿದರೂ, ನೀರು ಬಿಟ್ಟ ಮಧ್ಯಾಹ್ನ ಅಲ್ಲಿ ಗಾಳಿಯಾಡದೆ ಸೆಕೆ ಕಟ್ಟುತ್ತದೆ. ಅಂಥ ಹೊತ್ತಿನಲ್ಲಿ ನಮ್ಮ ರಾಟ್‌ವೀಲರ್ ಮಲಗಿದ್ದಲ್ಲೇ ಬಹಳ ಹೊತ್ತು ಏದುಸಿರು ಬಿಡುತ್ತಿತ್ತು. ಜಗಳೂರಿನಲ್ಲಿ ಬಿಸಿಲು ಹೆಚ್ಚೇ ಆದರೂ ಗಾಳಿ ಒಣಗಿರುತ್ತದೆ. ಅಲ್ಲಿ ಬೇವಿನ ಮರದ ನೆರಳು ಮತ್ತು ತುಂಬಿದ ನೀರಿನ ಬಾನಿ ಎರಡೂ ಇದ್ದರೆ ಮುಧೋಳ ನಾಯಿ ಮಧ್ಯಾಹ್ನವನ್ನು ನಿದ್ದೆಯಲ್ಲೇ ಕಳೆಯುತ್ತದೆ. ಯಾವ ತಳಿಯೇ ಆಗಲಿ, ದೇಹೋಷ್ಣ 41 ಡಿಗ್ರಿ ಮುಟ್ಟಿತೆಂದರೆ ಪ್ರಾಣಾಪಾಯ. ನೆರಳಿಗೆ ಒಯ್ದು, ಮೈಗೆಲ್ಲ ತಣ್ಣೀರು ಸುರಿದು, ಗಾಳಿ ಬೀಸುತ್ತಲೇ ಪಶುವೈದ್ಯರ ಬಳಿಗೆ ಹೊರಡಬೇಕು.

ಜರ್ಮನ್ ಶೆಫರ್ಡ್ ತಳಿಯನ್ನು ರೂಪಿಸಿದವರು ಜರ್ಮನಿಯ ಸೇನಾಧಿಕಾರಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್. 1899ರಲ್ಲಿ ಅವರು ಕೊಂಡ ಹೊರಾಂಡ್ ಎಂಬ ಕುರಿನಾಯಿಯೇ ಈ ತಳಿಯ ದಾಖಲೆಯಲ್ಲಿ ಮೊದಲನೆಯದು. ಗಂಡು 30ರಿಂದ 40 ಕಿಲೋ, ಹೆಣ್ಣು 22ರಿಂದ 32 ಕಿಲೋ ತೂಗುತ್ತದೆ. ಕುರಿಮಂದೆಯ ಅಂಚಿನಲ್ಲಿ ಸುತ್ತುತ್ತಾ, ಕುರಿಗಳು ಪಕ್ಕದ ಬೆಳೆಗೆ ನುಗ್ಗದಂತೆ ತಡೆಯುವುದು ಇದರ ಪೂರ್ವಜರ ಕೆಲಸವಾಗಿತ್ತು. ತೋಟದಲ್ಲಿ ಆ ಗುಣ ಹಾಗೆಯೇ ಕಾಣಿಸಿತು: ಯಾರೂ ಕಲಿಸದೆ ನಮ್ಮ ನಾಯಿ ಬೇಲಿಯ ಗುಂಟ ಸುತ್ತು ಹಾಕತೊಡಗಿತು, ಪಂಪ್‌ಸೆಟ್ ಮನೆಯ ಬಳಿ ನಿಂತು ಮೂಸಿ ನೋಡಿ ಮುಂದಕ್ಕೆ ಹೋಗುವುದನ್ನು ರೂಢಿಸಿಕೊಂಡಿತು. ಕೇಬಲ್ ಕಳವಿನ ಭಯವಿರುವ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ನೆಮ್ಮದಿ ಇಲ್ಲ. ಅಡಿಕೆ ಕೊಯ್ಲಿನ ಕಾಲದಲ್ಲಿ ಖೇಣಿದಾರರ (ಫಸಲನ್ನು ಗುತ್ತಿಗೆ ಹಿಡಿದವರ) ಕಡೆಯ ಹೊಸ ಮುಖಗಳು ದಿನವೂ ತೋಟಕ್ಕೆ ಬರುತ್ತವೆ. ಮನೆಯವರು ಮಾತನಾಡಿಸಿ ಒಳಗೆ ಬಿಟ್ಟವರನ್ನು ಅದು ಬಿಡುತ್ತಿತ್ತು. ಅದೇ ವ್ಯಕ್ತಿ ಕತ್ತಲಾದ ಮೇಲೆ ಒಬ್ಬನೇ ಬಂದರೆ ಬೊಗಳಿ ನಿಲ್ಲಿಸುತ್ತಿತ್ತು. ಈ ವಿವೇಚನೆ ಉಳಿದೆರಡು ತಳಿಗಳಲ್ಲಿ ನನಗೆ ಇಷ್ಟು ಸ್ಪಷ್ಟವಾಗಿ ಕಾಣಲಿಲ್ಲ.

ಇದಕ್ಕೆ ಪ್ರತಿಯಾಗಿ ಅದು ಕೇಳುವುದು ನಮ್ಮ ಸಮಯವನ್ನು. ಬೆಳಿಗ್ಗೆ ಮತ್ತು ಸಂಜೆ ನಡಿಗೆಯ ಜೊತೆಗೆ ಕೂರು, ನಿಲ್ಲು, ಬಾ, ಬಿಡು ಎಂಬ ಆಜ್ಞೆಗಳ ಅಭ್ಯಾಸ ನಡೆಯುತ್ತಲೇ ಇರಬೇಕು. ಹಗಲೆಲ್ಲ ಸರಪಳಿಯಲ್ಲಿ ಕಟ್ಟಿದರೆ ಎಲೆ ಅಲುಗಿದರೂ ಬೊಗಳುತ್ತದೆ, ತನ್ನ ಕಾಲನ್ನೇ ನೆಕ್ಕಿ ಗಾಯ ಮಾಡಿಕೊಳ್ಳುತ್ತದೆ. ಮೈಮೇಲೆ ಒರಟಾದ ಹೊರಗೂದಲು, ಅದರಡಿ ಮೆತ್ತನೆಯ ಒಳಗೂದಲು ಇರುವುದರಿಂದ ವರ್ಷದಲ್ಲಿ ಎರಡು ಸಲವಂತೂ ಮನೆ ತುಂಬ ಕೂದಲು. ಬೇಸಿಗೆಯಲ್ಲಿ ಅದನ್ನು ಬೋಳಿಸಿದರೆ ತಂಪಾಗುತ್ತದೆಂದು ಹಲವರು ನಂಬಿದ್ದಾರೆ. ಆದರೆ ಬಿಸಿಲು ನೇರವಾಗಿ ಚರ್ಮಕ್ಕೆ ತಾಗದಂತೆ ತಡೆಯುವುದೂ ಅದೇ ಕೂದಲು. ಬೋಳಿಸದೆ, ಉದುರುವ ಒಳಗೂದಲನ್ನು ಬಾಚಿ ತೆಗೆಯುವುದೇ ಸರಿಯಾದ ಕ್ರಮ. ನೋಟಕ್ಕೆ ಚೆಂದವೆಂದು ಹೆಚ್ಚು ಬೆಲೆಗೆ ಮಾರುವ ಉದ್ದಗೂದಲಿನ ಮರಿಗಳನ್ನು ನಮ್ಮ ಸೀಮೆಗೆ ತರಬಾರದೆಂದು ನಾನು ಒತ್ತಿ ಹೇಳುತ್ತೇನೆ. ಅದಕ್ಕಿಂತ ಮುಖ್ಯವಾದದ್ದು ಸೊಂಟ. ಸೊಂಟದ ಕೀಲು ಸರಿಯಾಗಿ ಕೂರದೆ ನಡಿಗೆ ಕೆಡುವ ದೋಷ ಈ ತಳಿಯಲ್ಲಿ ಸಾಮಾನ್ಯ, ಮತ್ತು ಅದು ಬಹುಮಟ್ಟಿಗೆ ವಂಶದಿಂದ ಬರುತ್ತದೆ. ತಂದೆತಾಯಿ ನಾಯಿಗಳ ಸೊಂಟದ ಎಕ್ಸ್‌ರೇ ತೋರಿಸಲಾಗದವರಿಂದ ಮರಿ ಕೊಳ್ಳಬೇಡಿ. ಬೆನ್ನು ಹಿಂದಕ್ಕೆ ತೀರಾ ಇಳಿಜಾರಾಗಿರುವ ನಾಯಿಗಿಂತ ನೇರ ಬೆನ್ನಿನದು ಕೆಲಸಕ್ಕೆ ಮೇಲು.

ರಾಟ್‌ವೀಲರ್ ದಕ್ಷಿಣ ಜರ್ಮನಿಯ ರಾಟ್‌ವೀಲ್ ಪಟ್ಟಣದ ತಳಿ. ಅಲ್ಲಿನ ಕಟುಕರು ದನಗಳನ್ನು ಸಂತೆಗೆ ಹೊಡೆದೊಯ್ಯಲು ಇದನ್ನು ಬಳಸುತ್ತಿದ್ದರು. ಗಂಡಿನ ಎತ್ತರ 61ರಿಂದ 68 ಸೆಂಟಿಮೀಟರ್, ತೂಕ ಸುಮಾರು 50 ಕಿಲೋ. ದನವನ್ನು ಎದೆಯಿಂದ ತಳ್ಳಿ ದಾರಿಗೆ ತರುತ್ತಿದ್ದ ನಾಯಿಯಾದ್ದರಿಂದ, ಇದರ ನಿಲುವಿನಲ್ಲೇ ಎದುರಿನವರು ಹಿಂದೆ ಸರಿಯಲಿ ಎಂಬ ಭಾವವಿದೆ. ಶೆಫರ್ಡ್ ಮೊದಲು ಬೊಗಳುತ್ತದೆ. ರಾಟ್‌ವೀಲರ್ ಮೊದಲು ನೋಡುತ್ತದೆ. ಗೇಟಿನ ಹಿಂದೆ ಸದ್ದಿಲ್ಲದೆ ಬಂದು ನಿಲ್ಲುವ ಆ ನಾಯಿಯನ್ನು ಕಂಡು ಒಳಗೆ ಕಾಲಿಡಲು ಧೈರ್ಯ ಮಾಡಿದವರನ್ನು ನಾನು ನೋಡಿಲ್ಲ. ಮನೆಯವರ ಮಟ್ಟಿಗೆ ಅದು ಅಷ್ಟೇ ಸೌಮ್ಯ. ನನ್ನ ತಾಯಿ ಕಟ್ಟೆಯ ಮೇಲೆ ಕುಳಿತರೆ ಮೈಗೆ ಒರಗಿ ಕೂರುತ್ತಿತ್ತು, ಅವರು ಎದ್ದ ಮೇಲಷ್ಟೇ ಏಳುತ್ತಿತ್ತು.

ಆದರೆ ಈ ಹೋಲಿಕೆಯಲ್ಲಿ ನಾನು ಹೆಚ್ಚು ಎಚ್ಚರಿಕೆ ಹೇಳಬೇಕಾದದ್ದೂ ಇದರ ಬಗ್ಗೆಯೇ. ಕಪ್ಪು ಮೈ, ದಪ್ಪ ಮಾಂಸಖಂಡ, ಭಾರ ಮೂರೂ ಸೇರಿ ಬಿಸಿಲಿನಲ್ಲಿ ಬೇಗ ಸೋಲುತ್ತದೆ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಬೆಳಕು ಹರಿಯುವ ಮೊದಲು ಮತ್ತು ಸೂರ್ಯ ಮುಳುಗಿದ ಮೇಲೆ ಮಾತ್ರ ನಡೆಸಬೇಕು, ಮಧ್ಯಾಹ್ನ ಸಿಮೆಂಟ್ ಶೀಟಿನ ಕೆಳಗೆ ಬಿಡಲೇಬಾರದು. ಹಂಚಿನ ಮಾಡು, ಅಥವಾ ಶೀಟಿನ ಮೇಲೆ ಅಡಿಕೆ ಸೋಗೆ ಹೊದಿಸಿದ ಕೊಠಡಿ, ತಣ್ಣನೆಯ ಕಲ್ಲಿನ ನೆಲ ಇದಕ್ಕೆ ಬೇಕು. ಮರಿಯಾಗಿದ್ದಾಗ ಪಾರ್ವೊ ಎಂಬ ವಾಂತಿಭೇದಿಯ ವೈರಸ್ ರೋಗಕ್ಕೆ ಈ ತಳಿ ಉಳಿದವುಗಳಿಗಿಂತ ಸುಲಭವಾಗಿ ತುತ್ತಾಗುತ್ತದೆ. ಲಸಿಕೆಯ ಸರಣಿ ಮುಗಿಯುವವರೆಗೆ ಬೀದಿನಾಯಿಗಳು ಓಡಾಡುವ ನೆಲಕ್ಕೆ ಇಳಿಸಬಾರದು. ಎಲ್ಲಕ್ಕಿಂತ ಮುಖ್ಯವಾಗಿ, 50 ಕಿಲೋ ನಾಯಿಯನ್ನು ಹಗ್ಗದಲ್ಲಿ ಹಿಡಿದು ನಿಲ್ಲಿಸುವ ಶಕ್ತಿ ಮತ್ತು ಮನಸ್ಸು ಎರಡೂ ಇರುವ ಒಬ್ಬರು ಆ ಮನೆಯಲ್ಲೇ ವಾಸವಿರಬೇಕು. ವಾರಕ್ಕೊಮ್ಮೆ ದಾವಣಗೆರೆಯಿಂದ ಬಂದು ಹೋಗುವ ಮಾಲೀಕರು ಇದನ್ನು ಕೂಲಿಯವರ ಕೈಗೆ ಒಪ್ಪಿಸಿ ಹೋಗುವುದನ್ನು ಕಂಡಾಗ ನನಗೆ ಆತಂಕವಾಗುತ್ತದೆ. ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ರಾಟ್‌ವೀಲರ್ ಸೇರಿದಂತೆ 23 ತಳಿಗಳನ್ನು ನಿರ್ಬಂಧಿಸಿ ಹೊರಡಿಸಿದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ರದ್ದುಪಡಿಸಿತು. ಹಾಗೆಂದು ಮಾಲೀಕರ ಹೊಣೆಯೇನೂ ಹಗುರಾಗಲಿಲ್ಲ. ಗೇಟಿಗೆ ಎರಡು ಬಾಗಿಲು, ಎಚ್ಚರಿಕೆಯ ಫಲಕ, ಹೊರಗೆ ಕರೆದೊಯ್ಯುವಾಗ ಬಾಯಿಕುಕ್ಕೆ, ಇವು ಮೂರನ್ನೂ ಕಡ್ಡಾಯವೆಂದೇ ಭಾವಿಸಬೇಕು.

ಮುಧೋಳ ನಾಯಿ ಬಾಗಲಕೋಟೆ ಜಿಲ್ಲೆಯ ಮುಧೋಳದ್ದು. ಅಲ್ಲಿನ ಘೋರ್ಪಡೆ ಅರಸರು ಪೋಷಿಸಿದ ತಳಿ. ಅಂಚೆ ಇಲಾಖೆ 2005ರಲ್ಲಿ ಇದರ ಚಿತ್ರವಿರುವ ಅಂಚೆಚೀಟಿ ಹೊರತಂದಿತು, ಭಾರತೀಯ ಸೇನೆಯೂ ಇದನ್ನು ತರಬೇತಿಗೆ ತೆಗೆದುಕೊಂಡಿದೆ. ಎತ್ತರದಲ್ಲಿ ಶೆಫರ್ಡಿಗಿಂತ ಮೇಲಾದರೂ ತೂಕ 30 ಕಿಲೋ ದಾಟುವುದು ಅಪರೂಪ. ಗಿಡ್ಡಗೂದಲು, ಕೊಬ್ಬಿಲ್ಲದ ಮೈ, ಆಳವಾದ ಎದೆ ಎಲ್ಲವೂ ಬಯಲುಸೀಮೆಗೆ ಹೇಳಿ ಮಾಡಿಸಿದಂತಿವೆ. ಶೇಂಗಾ ಹೊಲದಲ್ಲಿ ಹಂದಿ ನುಗ್ಗಿದ್ದನ್ನು ನಾವು ಗುರುತಿಸುವ ಮೊದಲೇ ಅದು ದೂರದಿಂದ ಕಂಡುಕೊಳ್ಳುತ್ತಿತ್ತು. ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ತಳಿಯಾದ್ದರಿಂದ ಓಡುವುದೇನಾದರೂ ಕಂಡರೆ ಬೆನ್ನಟ್ಟುತ್ತದೆ. ಆಗ ನಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ. ಜಗಳೂರು ತಾಲ್ಲೂಕಿನಲ್ಲೇ ರಂಗಯ್ಯನದುರ್ಗದ ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ) ವನ್ಯಧಾಮವಿದೆ. ಅದರ ಆಸುಪಾಸಿನಲ್ಲಿ ಈ ನಾಯಿಯನ್ನು ಬಿಚ್ಚಿ ಬಿಡುವುದು ಆ ಮೂಕಪ್ರಾಣಿಗಳಿಗೆ ಮಾಡುವ ದ್ರೋಹ. ಮೊಲದ ಬೇಟೆಗೆ ಬಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೂ ಹೌದು.

ಗೇಟಿನ ಕಾವಲಿಗೆ ಮುಧೋಳವನ್ನು ತೋಟಕ್ಕೆ ಕರೆತಂದು ನೋಡಿದಾಗ ಅದು ಅಪರಿಚಿತರಿಂದ ದೂರ ಸರಿದು ಬೊಗಳಿತೇ ಹೊರತು ಅಡ್ಡ ನಿಲ್ಲಲಿಲ್ಲ. ಗದರಿಸಿದರೆ ಮುದುಡಿ, ಮರುದಿನವೂ ಕರೆದವರ ಬಳಿಗೆ ಬರುತ್ತಿರಲಿಲ್ಲ. ಮೆತ್ತನೆಯ ಹಾಸಿಗೆ ಇಲ್ಲದಿದ್ದರೆ ಮೊಣಕೈ ಎಲುಬಿನ ಮೇಲಿನ ಚರ್ಮ ಒರಟಾಗುತ್ತದೆ, ಡಿಸೆಂಬರ್ ಬೆಳಗಿನ ಚಳಿಗೆ ನಡುಗುತ್ತದೆ. ಶಸ್ತ್ರಚಿಕಿತ್ಸೆಯ ಸಂದರ್ಭ ಬಂದರೆ ಇದು ಬೇಟೆನಾಯಿ ಜಾತಿಯದೆಂದು ವೈದ್ಯರಿಗೆ ಮೊದಲೇ ತಿಳಿಸಬೇಕು, ಏಕೆಂದರೆ ಮೈಯಲ್ಲಿ ಕೊಬ್ಬು ಕಡಿಮೆಯಿರುವ ಇಂಥ ತಳಿಗಳು ಕೆಲವು ಅರಿವಳಿಕೆ ಔಷಧಗಳಿಂದ ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತವೆ.

ಆಹಾರದ ಲೆಕ್ಕದಲ್ಲಿ ಮುಧೋಳವೇ ಹಗುರ. ಸಾಮಾನ್ಯ ಚಟುವಟಿಕೆಯ 25 ಕಿಲೋ ನಾಯಿಗೆ ದಿನಕ್ಕೆ ಸುಮಾರು 1,250 ಕಿಲೋಕ್ಯಾಲೊರಿ ಸಾಕಾದರೆ 40 ಕಿಲೋ ನಾಯಿಗೆ 1,800ರ ಹತ್ತಿರ ಬೇಕು. ಮುದ್ದೆ ಮತ್ತು ಹಾಲನ್ನಷ್ಟೇ ಹಾಕಿ ಶೆಫರ್ಡ್ ಅಥವಾ ರಾಟ್‌ವೀಲರ್ ಸಾಕಲಾಗದು. ಬೇಯಿಸಿದ ಮೊಟ್ಟೆ, ಕೋಳಿ ಮಾಂಸ ಅಥವಾ ಉತ್ತಮ ಸಿದ್ಧ ಆಹಾರ ಸೇರಲೇಬೇಕು. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಕೂಡದು. ದೊಡ್ಡ ತಳಿಯ ಮರಿಗಳಿಗೆ ಬೇಗ ಬೆಳೆಯಲೆಂದು ಕ್ಯಾಲ್ಸಿಯಂ ಔಷಧ ಕುಡಿಸುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ಸಮತೋಲನದ ಮರಿ ಆಹಾರದ ಜೊತೆ ಅದನ್ನೂ ಕೊಟ್ಟರೆ ಎಲುಬು ಗಟ್ಟಿಯಾಗುವ ಬದಲು ಅದರ ಬೆಳವಣಿಗೆಯೇ ಅಡ್ಡದಾರಿ ಹಿಡಿಯುತ್ತದೆ. ಮರಿ ನಿಧಾನವಾಗಿ, ತೆಳುವಾಗಿ ಬೆಳೆಯಲಿ.

ಆಳವಾದ ಎದೆಯ ಈ ಮೂರೂ ತಳಿಗಳಿಗೆ ಜಠರ ಗಾಳಿ ತುಂಬಿ ತಿರುಚಿಕೊಳ್ಳುವ ಅಪಾಯವಿದೆ. ದಿನದ ಊಟವನ್ನು ಎರಡು ಪಾಲು ಮಾಡಿ, ಉಂಡ ಮೇಲೆ ಒಂದೆರಡು ಗಂಟೆ ಓಡಿಸದಿರುವುದು ರೂಢಿಯಾಗಬೇಕು. ಹೊಟ್ಟೆ ಉಬ್ಬಿ ಬಿಗಿದು, ಏನೂ ಬಾರದೆ ಬರಿದೆ ಓಕರಿಸುತ್ತಿದ್ದರೆ ಬೆಳಗಾಗಲೆಂದು ಕಾಯಬಾರದು, ಕೆಲವೇ ಗಂಟೆಗಳಲ್ಲಿ ಜೀವ ಹೋಗುತ್ತದೆ. ರಾತ್ರಿ ಹೊತ್ತು ಶಸ್ತ್ರಚಿಕಿತ್ಸೆ ಮಾಡಬಲ್ಲ ವೈದ್ಯರು ಎಲ್ಲಿ ಸಿಗುತ್ತಾರೆಂಬುದನ್ನು ಮರಿ ತರುವ ಮೊದಲೇ ವಿಚಾರಿಸಿಟ್ಟುಕೊಳ್ಳಿ. ಗ್ರೇಟ್ ಡೇನ್ ತಳಿಯಲ್ಲಿ ಈ ಅಪಾಯ ಇನ್ನೂ ಹೆಚ್ಚು, ಆಯುಸ್ಸೂ ಕಡಿಮೆ. ತೋಟಕ್ಕೆ ಅದನ್ನು ನಾನು ಪರಿಗಣಿಸಲಿಲ್ಲ.

ದನದ ಕೊಟ್ಟಿಗೆಯಿರುವ ತೋಟದಲ್ಲಿ ರಕ್ತ ಹೀರುವ ಉಣ್ಣೆಯ ಕಾಟ ತಪ್ಪದು. ಉಣ್ಣೆ ಕಚ್ಚಿದ್ದರಿಂದ ಹರಡುವ ಎರ್ಲಿಕಿಯಾ ಜ್ವರ ಶೆಫರ್ಡ್ ತಳಿಯನ್ನು ವಿಶೇಷವಾಗಿ ಕಾಡುತ್ತದೆ. ಜ್ವರ, ಬಿಳಿಚಿದ ಒಸಡು, ಮೂಗಿನಲ್ಲಿ ರಕ್ತ ಕಂಡರೆ ರಕ್ತಪರೀಕ್ಷೆ ಮಾಡಿಸಬೇಕು. ರೇಬೀಸ್ ಲಸಿಕೆಯನ್ನು ಮೂರನೇ ತಿಂಗಳಿಗೆ ಆರಂಭಿಸಿ ಪ್ರತಿವರ್ಷ ಹಾಕಿಸಬೇಕು. ಇಲಿಗಳಿರುವ ಕಡೆ ಇಲಿಜ್ವರದ ಲಸಿಕೆಯೂ ಅಗತ್ಯ.

ನನ್ನ ತೀರ್ಮಾನ ಹೀಗಿದೆ. ಮನೆಯವರು ತೋಟದಲ್ಲೇ ವಾಸವಿದ್ದು, ದಿನಕ್ಕೆ ಎರಡು ಹೊತ್ತು ನಾಯಿಗೆ ಕೊಡಬಲ್ಲವರಾದರೆ ಗಿಡ್ಡಗೂದಲಿನ, ನೇರ ಬೆನ್ನಿನ ಶೆಫರ್ಡ್ ತನ್ನಿ. ಎತ್ತರದ ಕಾಂಪೌಂಡ್, ತಂಪಾದ ಕೊಠಡಿ ಮತ್ತು ನಾಯಿ ಸಾಕಿ ಪಳಗಿದ ಕೈ ಇದ್ದರೆ ಮಾತ್ರ ರಾಟ್‌ವೀಲರ್. ಸುತ್ತುಬೇಲಿ ಗಟ್ಟಿಯಾಗಿರುವ ಬೆದ್ದಲಿಗೆ, ಎಚ್ಚರಿಸುವುದಷ್ಟೇ ನಾಯಿಯ ಕೆಲಸ ಎನ್ನುವವರಿಗೆ ಮುಧೋಳ. ಕುರಿರೊಪ್ಪಕ್ಕೆ ಮಾತ್ರ ಈ ಮೂರರಲ್ಲಿ ಯಾವುದನ್ನೂ ನಾನು ಸೂಚಿಸಲಾರೆ: ಶೆಫರ್ಡ್ ಕುರಿಗಳನ್ನು ಸುಮ್ಮನೆ ಮೇಯಲು ಬಿಡದೆ ಗುಂಪುಗೂಡಿಸುತ್ತಲೇ ಇತ್ತು, ಮುಧೋಳ ಓಡುವ ಮರಿಯನ್ನು ಬೆನ್ನಟ್ಟಿತು, ರಾಟ್‌ವೀಲರ್ ಮಂದೆಯ ಜೊತೆ ಮೈಲುಗಟ್ಟಲೆ ನಡೆಯಲಾರದು. “ಕುರಿ ಜೊತೆ ಕಣ್ಣು ಬಿಟ್ಟಿದ್ದೇ ಕುರಿ ಕಾಯೋದು ಕಣಪ್ಪ” ಎಂದು ಜಗಳೂರಿನ ಕುರಿಗಾರ ಹಿರಿಯರೊಬ್ಬರು ನನಗೆ ಹೇಳಿದ್ದರು. ಅವರ ರೊಪ್ಪದಲ್ಲಿ ಕುರಿಮರಿಗಳ ನಡುವೆಯೇ ಹುಟ್ಟಿ ಬೆಳೆದ ನಾಡನಾಯಿಗಳು ಈಗಲೂ ರಾತ್ರಿಯಿಡೀ ಕಾವಲಿರುತ್ತವೆ. ನಮ್ಮ ರೊಪ್ಪಕ್ಕೆ ಬೇಕಾದ ಮರಿಯನ್ನೂ ಅವರಿಂದಲೇ ತಂದೆವು.